ಮಸ್ಕಿಯ ಬಂಡೆಯೂ ಇಂಗ್ಲಿಷಿನ ವಾಕ್ಯವೂ

ಸಂಜೆಯ ಹೊತ್ತು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿದು ಸಂಗೀತ ಆರಂಭವಾಗಿದೆ. ಮನೆಯ ಮಗಳೋ ಮಗನೋ ಮೇಜಿನ ಮುಂದೆ ಕುಳಿತು ಒಂದು ದಪ್ಪ ಪುಸ್ತಕದ ಮೇಲೆ ತಲೆ ಬಗ್ಗಿಸಿದ್ದಾರೆ. ಪುಸ್ತಕದಲ್ಲಿ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಕಲಸಿಟ್ಟು, ಇವುಗಳ ಸರಿಯಾದ ಕ್ರಮ ಯಾವುದು ಎಂದು ಕೇಳಿದೆ. ಅದರ ಕೆಳಗೆ ಒಂದು ವಾಕ್ಯವನ್ನು ನಾಲ್ಕು ತುಂಡು ಮಾಡಿ, ಯಾವ ತುಂಡಿನಲ್ಲಿ ತಪ್ಪಿದೆ ಎಂದು ಕೇಳಿದೆ. ಬ್ಯಾಂಕಿನ ಕೆಲಸಕ್ಕೆ, ರೈಲ್ವೆಯ ಕೆಲಸಕ್ಕೆ, ಕೇಂದ್ರ ಸರ್ಕಾರದ ಗುಮಾಸ್ತೆಯ ಕೆಲಸಕ್ಕೆ ಹೋಗಬೇಕೆನ್ನುವ ತರುಣರು ಇಂಥ ಪ್ರಶ್ನೆಗಳನ್ನು ನೂರಾರು ಬಿಡಿಸಿ ಅಭ್ಯಾಸ ಮಾಡುತ್ತಾರೆ. ಹಿರಿಯರು ಒಮ್ಮೆ ಇಣಿಕಿ ನೋಡಿ, "ಇದೇನು ಮಕ್ಕಳಾಟ! ಇದಕ್ಕೂ ಕಚೇರಿಯ ಕೆಲಸಕ್ಕೂ ಏನು ಸಂಬಂಧ?" ಎಂದು ಕೇಳುವುದುಂಟು. ಮಕ್ಕಳಿಗೂ ಒಳಗೊಳಗೆ ಒಂದು ಅಳುಕು: ಇದು ದೊಡ್ಡ ಊರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರ ವಿದ್ಯೆ, ನಮಗೆ ಒಲಿಯುವುದಲ್ಲ ಎಂದು.

ಈ ಅಳುಕು ಸರಿಯೆ? ಇದನ್ನು ವಿಚಾರ ಮಾಡುವುದಕ್ಕಾಗಿ ನಾನು ನಿಮ್ಮನ್ನು ರಾಯಚೂರು ಜಿಲ್ಲೆಯ ಮಸ್ಕಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿರುವ ಊರು ಅದು. ಇಂಗ್ಲಿಷಿಗೂ ಮಸ್ಕಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಇಂಗ್ಲಿಷಿನದಲ್ಲ, ತಪ್ಪನ್ನು ಕಂಡುಹಿಡಿಯುವ ಮತ್ತು ಚದರಿದ ಮಾತನ್ನು ಕ್ರಮಕ್ಕೆ ತರುವ ವಿದ್ಯೆಯದು. ಆ ವಿದ್ಯೆಯ ಬಹು ದೊಡ್ಡ ಗೆಲವೊಂದು ಈ ಊರಿನ ಬಂಡೆಯ ಮುಂದೆ ನಡೆದಿದೆ.

ಆ ಕಥೆ ಹೀಗಿದೆ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಕಲ್ಕತ್ತೆಯಲ್ಲಿ ಕುಳಿತು ಬ್ರಾಹ್ಮೀ ಲಿಪಿಯನ್ನು ಓದಿದನು. ಭರತಖಂಡದ ಮೂಲೆ ಮೂಲೆಯ ಬಂಡೆಗಳ ಮೇಲೆಯೂ ಕಂಬಗಳ ಮೇಲೆಯೂ "ದೇವಾನಂಪಿಯ ಪಿಯದಸಿ" ಎಂಬ ರಾಜನ ಮಾತುಗಳು ಕಂಡುಬಂದವು. ಆದರೆ ಈ ರಾಜ ಯಾರು? ಸಿಂಹಳದ ಇತಿಹಾಸದಲ್ಲಿ ದೇವಾನಂಪಿಯ ತಿಸ್ಸ ಎಂಬ ಅರಸನಿದ್ದನಾದ್ದರಿಂದ, ಇವನೂ ಸಿಂಹಳದ ಅರಸನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಭಾವಿಸಿದನು. ಅದು ತಪ್ಪು. ಆ ತಪ್ಪನ್ನು ಕಂಡುಹಿಡಿದವನು ಸಿಂಹಳದಲ್ಲಿಯೇ ಸರ್ಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್. ದೀಪವಂಸವೆಂಬ ಪಾಲಿ ಗ್ರಂಥದಲ್ಲಿ ಮೌರ್ಯ ವಂಶದ ಅಶೋಕನಿಗೆ ಪಿಯದಸ್ಸಿ ಎಂಬ ಹೆಸರು ಸಲ್ಲುತ್ತದೆಂದು ಅವನು ತೋರಿಸಿಕೊಟ್ಟನು. ಪ್ರಿನ್ಸೆಪ್ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು. ಆದರೂ ಒಂದು ಕೊರತೆ ಉಳಿಯಿತು. ಗ್ರಂಥದಲ್ಲಿ ಹೆಸರಿದೆ, ಕಲ್ಲಿನ ಮೇಲೆ ಇಲ್ಲ. ಎಪ್ಪತ್ತೆಂಟು ವರ್ಷಗಳ ಕಾಲ ಈ ವಾಕ್ಯದಲ್ಲಿ ಒಂದು ಪದ ಬಿಟ್ಟುಹೋದಂತೆಯೇ ಇತ್ತು.

ಆ ಪದ ಸಿಕ್ಕಿದ್ದು ೧೯೧೫ರಲ್ಲಿ, ಮಸ್ಕಿಯಲ್ಲಿ. ಆಗ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಚಿನ್ನದ ಗಣಿಗಳ ಎಂಜಿನಿಯರಾಗಿದ್ದ ಸಿ. ಬೀಡನ್ ಎಂಬಾತನು ಇಲ್ಲಿನ ಬೆಟ್ಟದ ಬಂಡೆಯೊಂದರ ಮೇಲೆ ಹಳೆಯ ಅಕ್ಷರಗಳಿರುವುದನ್ನು ಕಂಡನು. ಹಟ್ಟಿಯ ಚಿನ್ನದ ಗಣಿ ಇರುವುದೂ ಈ ಲಿಂಗಸುಗೂರು ಸೀಮೆಯಲ್ಲಿಯೇ ಎಂಬುದನ್ನು ನೀವು ಬಲ್ಲಿರಿ. ಅದೇ ವರ್ಷ ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ೧೯೧೪ರಲ್ಲಿ ಸ್ಥಾಪಿತವಾಗಿದ್ದ ಹೈದರಾಬಾದ್ ಪುರಾತತ್ತ್ವ ಇಲಾಖೆಯ ಗ್ರಂಥಮಾಲೆಯಲ್ಲಿ ಅದೇ ಒಂದನೆಯ ಪುಸ್ತಕ. ಆ ಶಾಸನದ ಮೊದಲಿಗೇ "ದೇವಾನಂಪಿಯಸ ಅಸೋಕಸ" ಎಂದಿತ್ತು. ದೇವಾನಂಪ್ರಿಯನಾದ ಅಶೋಕನ ಮಾತು ಎಂದು ತಾತ್ಪರ್ಯ. ಹೆಸರು ಷಷ್ಠೀ ವಿಭಕ್ತಿಯಲ್ಲಿದೆ, ನೋಡಿ. ವ್ಯಾಕರಣ ಬಲ್ಲವನಿಗೆ ಆ "ಸ" ಎಂಬ ಒಂದೇ ಅಕ್ಷರ ಸಾಕು, ಇದು ಯಾರ ಮಾತು ಎಂಬುದನ್ನು ಹೇಳಲು.

ಇದೇ ಸಂದೇಶ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇದೆ. ಅವುಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಕಂಡುಹಿಡಿದಿದ್ದರು. ಅಲ್ಲೆಲ್ಲ ದೇವಾನಂಪಿಯ ಎಂಬ ಬಿರುದು ಮಾತ್ರ ಇದೆ. ಮಸ್ಕಿಯಲ್ಲಿ ಅದೇ ಸಂದೇಶ, ಅದೇ ಬಿರುದು, ಜೊತೆಗೆ ಹೆಸರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಆಮೇಲೆ ೧೯೫೪ರಲ್ಲಿ ಮಧ್ಯಪ್ರದೇಶದ ಗುಜರ್ರಾ ಎಂಬಲ್ಲಿ ಸಿಕ್ಕ ಶಾಸನದಲ್ಲಿ ದೇವಾನಂಪಿಯ, ಪಿಯದಸಿ, ಅಶೋಕ ಎಂಬ ಮೂರೂ ಒಟ್ಟಿಗೆ ಬಂದವು. ೧೯೭೦ರ ದಶಕದಲ್ಲಿ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತವು. ಆದರೆ ಮೊದಲ ಉತ್ತರ ಬರೆದ ಹಿರಿಮೆ ಮಸ್ಕಿಗೇ ಸಲ್ಲತಕ್ಕದ್ದು.

ಈಗ ಒಂದು ಕ್ಷಣ ಯೋಚಿಸಿ. ಈ ವಿದ್ವಾಂಸರು ಮಾಡಿದ ಕೆಲಸ ಯಾವುದು? ಬ್ರಾಹ್ಮಿಯಲ್ಲಿ ಸಾಮಾನ್ಯವಾಗಿ ಪದಕ್ಕೂ ಪದಕ್ಕೂ ನಡುವೆ ಎಡೆ ಬಿಡುವುದಿಲ್ಲ. ಓದುವವನೇ ಪದಗಳನ್ನು ಬಿಡಿಸಿಕೊಳ್ಳಬೇಕು. ಮಸ್ಕಿಯ ಬಂಡೆಯಲ್ಲಿ ಕೆಲವು ಅಕ್ಷರಗಳು ಸವೆದು ಚಕ್ಕೆ ಎದ್ದುಹೋಗಿವೆ. ಬೇರೆ ಊರುಗಳ ಪ್ರತಿಗಳೊಡನೆ ಹೋಲಿಸಿ ಆ ಬಿಟ್ಟ ಸ್ಥಳಗಳನ್ನು ತುಂಬಿಕೊಳ್ಳಬೇಕು. ಎಲ್ಲಿ ವಾಕ್ಯ ಮುಗಿಯಿತು, ಯಾವ ಮಾತು ಯಾವುದರ ಹಿಂದೆ ಬರಬೇಕು, ಯಾವ ಅಕ್ಷರ ಕೆತ್ತಿದವನ ಕೈತಪ್ಪು ಎಂದು ತೀರ್ಮಾನಿಸಬೇಕು. ನಿಮ್ಮ ಮನೆಯ ಮೇಜಿನ ಮುಂದೆ ನಡೆಯುತ್ತಿರುವ ಅಭ್ಯಾಸವೂ ಇದೇ ಅಲ್ಲವೆ? ಪದಾರ್ಥ ಬೇರೆ, ಪರಿಶ್ರಮ ಒಂದೇ.

ಕ್ರಮದ ತೊಡಕಿಗಂತೂ ಇನ್ನೂ ಸೊಗಸಾದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ತುಂಗಭದ್ರೆಯ ಆಚೆ, ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯಲ್ಲಿ ಈ ಕಿರುಶಾಸನದ ಸಾಲುಗಳು ಎಲ್ಲ ಒಂದೇ ಕಡೆಗೆ ಹರಿಯುವುದಿಲ್ಲ. ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಎತ್ತು ಹೊಲದ ಬದುವಿನವರೆಗೆ ಉತ್ತುಕೊಂಡು ಹೋಗಿ, ಅಲ್ಲಿಂದ ತಿರುಗಿ ಬರುವ ಹಾಗೆ. ಇಂಥ ಬರವಣಿಗೆಗೆ ಗ್ರೀಕರು ಇಟ್ಟ ಹೆಸರಿಗೂ ಎತ್ತು ತಿರುಗುವಂತೆ ಎಂದೇ ಅರ್ಥ. ಒಂದೇ ದಿಕ್ಕಿನಿಂದ ಓದುತ್ತ ಹೋದವನಿಗೆ ಅಲ್ಲಿ ಅರ್ಥವೇ ಆಗದು. ಸಾಲುಗಳನ್ನು ಬಿಡಿಸಿ ಜೋಡಿಸಿದ ಮೇಲೆಯೇ ಶಾಸನ ಮಾತನಾಡಿತು.

ತಪ್ಪಿನ ವಿಷಯಕ್ಕೆ ಬಂದರೆ, ಅಶೋಕ ಚಕ್ರವರ್ತಿಯೇ ಅದನ್ನು ಒಪ್ಪಿಕೊಂಡಿದ್ದಾನೆ. ಅವನ ಹದಿನಾಲ್ಕನೆಯ ಬಂಡೆಶಾಸನದಲ್ಲಿ, ನನ್ನ ಶಾಸನಗಳಲ್ಲಿ ಕೆಲವೆಡೆ ಅಪೂರ್ಣವಾಗಿ ಬರೆದಿರಬಹುದು, ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣವಿರಬಹುದು ಎಂಬ ಅಭಿಪ್ರಾಯ ಬರುತ್ತದೆ. ಈ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ೧೯೮೦ರ ದಶಕದ ಉತ್ತರಾರ್ಧದಲ್ಲಿ ದೊರೆಯಿತು. ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರನ ಹೆಸರೂ ನಮಗೆ ಗೊತ್ತು. ಅವನು ಚಪಡ. ಲಿಪಿಕಾರ ಎಂಬ ತನ್ನ ವೃತ್ತಿಯ ಪದವನ್ನು ಅವನು ವಾಯವ್ಯ ಸೀಮೆಯಲ್ಲಿ ಬಳಕೆಯಲ್ಲಿದ್ದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ತನ್ನದಲ್ಲದ ನಾಡಿಗೆ ಬಂದು, ಎರಡು ಲಿಪಿ ಬಲ್ಲವನಾಗಿ, ರಾಜಸೇವೆಯಲ್ಲಿ ಅನ್ನ ಕಂಡವನು ಎಂದು ತೋರುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅವನೂ ಒಬ್ಬ ಸರ್ಕಾರಿ ಗುಮಾಸ್ತೆ.

ಅಶೋಕನ ಮಾತು ಪ್ರಾಕೃತ. ನಮ್ಮ ಕನ್ನಡದ ಮಾತೇನು ಎನ್ನುವಿರೋ? ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗವು ಸುಮಾರು ೮೫೦ರ ಹೊತ್ತಿಗೆ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನಿಂದ ರಚಿತವಾಯಿತು. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥದ ಮೊದಲನೆಯ ಪರಿಚ್ಛೇದಕ್ಕೆ ಹೆಸರೇ ದೋಷಾದೋಷಾನುವರ್ಣನ ನಿರ್ಣಯ! ಯಾವುದು ದೋಷ, ಯಾವುದು ದೋಷವಲ್ಲ ಎಂದು ಉದಾಹರಣೆ ಕೊಟ್ಟು ವಿವೇಚನೆ ಮಾಡುವುದೇ ಅದರ ಕೆಲಸ. ಮುಂದೆ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದು, ಸಾಧುರೂಪ ಯಾವುದೆಂಬುದನ್ನು ಕವಿಗಳ ಪ್ರಯೋಗಗಳಿಂದಲೇ ತೋರಿಸಿದನು. ತಪ್ಪು ತೋರಿಸಿ ಒಪ್ಪು ಕಲಿಸುವ ಪಾಠ ಇಂಗ್ಲಿಷಿನವರು ನಮಗೆ ಹೊಸದಾಗಿ ತಂದುಕೊಟ್ಟದ್ದಲ್ಲ.

ಇಂಗ್ಲಿಷಿನಲ್ಲಿ ಈ ಪಾಠ ತಡವಾಗಿಯೇ ಆರಂಭವಾಯಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ನ್ಯೂಕಾಸಲ್ ಪಟ್ಟಣದ ಆ್ಯನ್ ಫಿಶರ್ ಎಂಬ ಶಿಕ್ಷಕಿ ತನ್ನ ವ್ಯಾಕರಣದಲ್ಲಿ ಬೇಕೆಂದೇ ತಪ್ಪಾಗಿ ಬರೆದ ವಾಕ್ಯಗಳನ್ನು ಕೊಟ್ಟು, ಮಕ್ಕಳು ಅವನ್ನು ತಿದ್ದುವಂತೆ ಮಾಡಿದಳು. ೧೭೬೨ರಲ್ಲಿ ರಾಬರ್ಟ್ ಲೌತ್ ಇನ್ನೂ ಮುಂದೆ ಹೋಗಿ, ಹೆಸರಾಂತ ಇಂಗ್ಲಿಷ್ ಲೇಖಕರ ಬರಹಗಳಿಂದಲೇ ತಪ್ಪುಗಳನ್ನು ಹೆಕ್ಕಿ ಅಡಿಟಿಪ್ಪಣಿಗಳಲ್ಲಿ ಮುದ್ರಿಸಿದನು. ೧೭೯೫ರಲ್ಲಿ ಲಿಂಡ್ಲಿ ಮರೆಯ ವ್ಯಾಕರಣ ಬಂತು. ಅದರ ಹಿಂದೆಯೇ ತಿದ್ದುವ ಅಭ್ಯಾಸಗಳ ಪುಸ್ತಕವೂ ಬಂತು. ಇದರಿಂದ ನಾವು ತಿಳಿಯಬೇಕಾದ್ದೇನು? ಇಂಗ್ಲಿಷು ತಾಯ್ನುಡಿಯಾಗಿದ್ದವರೂ ಆ ಭಾಷೆಯಲ್ಲಿ ತಪ್ಪುತ್ತಿದ್ದರು, ಅಭ್ಯಾಸ ಮಾಡಿಯೇ ತಿದ್ದಿಕೊಳ್ಳುತ್ತಿದ್ದರು. ನಮ್ಮ ದೇಶದ ಶಾಲೆಗಳಿಗೆ ಈ ಪದ್ಧತಿಯನ್ನು ಹರಡಿದವು ನೆಸ್‌ಫೀಲ್ಡ್ ಎಂಬ ವಿದ್ಯಾಧಿಕಾರಿಯ ವ್ಯಾಕರಣಗಳು. ಅನಂತರ ೧೯೩೦ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಇಬ್ಬರ ಹೆಸರಿನಲ್ಲಿ ಪ್ರಸಿದ್ಧವಾದ ವ್ಯಾಕರಣ. ನಿಮ್ಮ ಮನೆಯ ಅಟ್ಟದ ಮೇಲೆ ಇದರ ಒಂದು ಹಳೆಯ ಪ್ರತಿ ಇದ್ದರೂ ಇದ್ದೀತು.

ಇಂಗ್ಲಿಷು ಹೊಟ್ಟೆಪಾಡಿನ ಪರೀಕ್ಷೆಯಾದದ್ದು ಹೇಗೆ? ೧೮೫೪ರಲ್ಲಿ ಮೆಕಾಲೆಯ ಅಧ್ಯಕ್ಷತೆಯ ಸಮಿತಿಯು ಸಿವಿಲ್ ಸರ್ವಿಸಿಗೆ ಶಿಫಾರಸಿನ ಬದಲು ಬಹಿರಂಗ ಸ್ಪರ್ಧಾಪರೀಕ್ಷೆ ಇರಬೇಕೆಂದು ಸೂಚಿಸಿತು. ೧೮೫೫ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಸಮಿತಿಯ ಅಂಕಪಟ್ಟಿಯನ್ನು ನೋಡಿದರೆ ಇಂಗ್ಲಿಷಿಗೆ ೧,೫೦೦ ಅಂಕ. ಗ್ರೀಕಿಗೂ ಲ್ಯಾಟಿನ್ನಿಗೂ ತಲಾ ೭೫೦. ಸಂಸ್ಕೃತಕ್ಕೆ ೩೭೫, ಅರಬ್ಬಿಗೆ ೩೭೫. ಕನ್ನಡದಂಥ ದೇಶಭಾಷೆಗಳಿಗೆ ಅಲ್ಲಿ ಎಡೆಯೇ ಇರಲಿಲ್ಲ. ಜನ್ಮದ ಬಲವಲ್ಲ, ಯೋಗ್ಯತೆಯ ಬಲ ಎಂಬ ತತ್ತ್ವ ಒಳ್ಳೆಯದೇ. ಆದರೆ ಆ ಯೋಗ್ಯತೆಯನ್ನು ಅಳೆದ ಕೊಳಗ ಒಂದೇ ನಾಡಿನ ಕೊಳಗವಾಗಿತ್ತು. ಹಡಗು ಹತ್ತಿ ಹೋಗಿ ಪರೀಕ್ಷೆಗೆ ಕುಳಿತುಕೊಳ್ಳಬೇಕಾದ ಕಷ್ಟ ಬೇರೆ. ೧೮೬೩ರಲ್ಲಿ ಸತ್ಯೇಂದ್ರನಾಥ ಠಾಕೂರರು ಉತ್ತೀರ್ಣರಾಗಿ ಭಾರತೀಯರಲ್ಲಿ ಮೊದಲಿಗರಾದರು. ಭಾರತದ ನೆಲದ ಮೇಲೆಯೂ ಈ ಪರೀಕ್ಷೆ ನಡೆಯುವಂತಾದದ್ದು ೧೯೨೨ರಲ್ಲಿ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ಸಂಸ್ಥಾನದ್ದೇ ಆದ ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕನ್ನಡದ ಕಥೆಗಳನ್ನು ಬರೆದರು. ಕಚೇರಿಯ ಇಂಗ್ಲಿಷು ಅವರ ಕನ್ನಡವನ್ನು ಕೆಡಿಸಲಿಲ್ಲ ಎಂಬುದನ್ನು ಮನಸ್ಸಿನಲ್ಲಿಡೋಣ.

ಆದರೆ ಮಸ್ಕಿಯ ಹುಡುಗನ ಪಾಡು ಮೈಸೂರಿನ ಹುಡುಗನಂತಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಮಾಧ್ಯಮ ಉರ್ದು. ಇಂಗ್ಲಿಷ್ ಕಡ್ಡಾಯ ವಿಷಯ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ ಸಾಹಸ ಅದು, ಸಂದೇಹವಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಅದು ಎರಡು ಹೊಳೆಗಳ ದಾಟು: ಮೊದಲು ಉರ್ದು, ಆಮೇಲೆ ಇಂಗ್ಲಿಷು. ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಮುಂತಾದ ಕೆಲವೇ ಸಂಸ್ಥೆಗಳು ಈ ಸೀಮೆಯಲ್ಲಿ ದಾರಿದೀಪಗಳಾಗಿದ್ದವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಬಂತು. ಶಾಲೆಯಲ್ಲಿ ಕನ್ನಡ ನೆಲೆಯಾಯಿತು. ಆದರೆ ಓಟದ ಆರಂಭದಲ್ಲೇ ಹಿಂದೆ ಬಿದ್ದವರು ಬೇಗ ಸಮನಾಗುವುದು ಕಷ್ಟ. ಈ ಹಿಂದುಳಿಕೆಯನ್ನು ಕಂಡೇ ಸಂವಿಧಾನಕ್ಕೆ ೩೭೧-ಜೆ ಎಂಬ ವಿಧಿಯನ್ನು ಸೇರಿಸಿ, ೨೦೧೩ರಿಂದ ಈ ಭಾಗದವರಿಗೆ ಶಿಕ್ಷಣದಲ್ಲಿಯೂ ರಾಜ್ಯದ ಉದ್ಯೋಗಗಳಲ್ಲಿಯೂ ಮೀಸಲು ಸ್ಥಾನಗಳನ್ನು ಕಲ್ಪಿಸಲಾಯಿತು.

ಪರೀಕ್ಷೆಯ ರೂಪವೂ ಈ ಮಧ್ಯೆ ಬದಲಾಯಿತು. ಹಿಂದೆ ಪ್ರಬಂಧ ಬರೆಯಿರಿ, ಸಂಗ್ರಹಿಸಿ ಬರೆಯಿರಿ ಎನ್ನುತ್ತಿದ್ದರು. ಲಕ್ಷಗಟ್ಟಲೆ ಜನ ಕುಳಿತಾಗ ಅಷ್ಟು ಪ್ರಬಂಧಗಳನ್ನು ಓದುವವರಾರು? ಒಬ್ಬ ಪರೀಕ್ಷಕ ಕೊಟ್ಟಷ್ಟೇ ಅಂಕವನ್ನು ಇನ್ನೊಬ್ಬ ಕೊಡುವನೆಂಬ ನೆಚ್ಚಿಕೆ ಏನು? ಅಮೆರಿಕೆಯ ಕಾನ್ಸಾಸಿನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬಾತನು ಮಸ್ಕಿಯ ಶಾಸನ ದೊರೆತ ಕಾಲದ ಸುಮಾರಿನಲ್ಲೇ, ಹಲವು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯನ್ನು ರೂಪಿಸಿದನು. ನಮ್ಮಲ್ಲಿ ೧೯೭೯ರಿಂದ ಕೇಂದ್ರ ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆ ಈ ಮಾದರಿಯದಾಯಿತು. ಅದೇ ವರ್ಷದಿಂದ ಮುಖ್ಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು ಎಂಬುದು ಸಂತೋಷದ ಸಂಗತಿ. ಗುಮಾಸ್ತೆ ದರ್ಜೆಯ ನೇಮಕಗಳಿಗಾಗಿ ೧೯೭೫ರಲ್ಲಿ ಬೇರೊಂದು ಆಯೋಗ ಏರ್ಪಟ್ಟಿತು. ಅದೇ ಇಂದಿನ ಸಿಬ್ಬಂದಿ ನೇಮಕಾತಿ ಆಯೋಗ. ಅದರ ಪದವೀಧರ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಈಚಿನ ವರ್ಷಗಳಲ್ಲಿ ನೂರು ಪ್ರಶ್ನೆಗಳಿದ್ದು, ಅವುಗಳಲ್ಲಿ ೨೫ ಇಂಗ್ಲಿಷಿನವು. ಸರಿಯುತ್ತರಕ್ಕೆ ಎರಡು ಅಂಕ. ತಪ್ಪಿದರೆ ಅರ್ಧ ಅಂಕ ಕಳೆಯುತ್ತಾರೆ. ಪ್ರಬಂಧ ಬರೆಸದೆಯೇ ಬರೆಯುವ ಶಕ್ತಿಯನ್ನು ಅಳೆಯಬೇಕು, ಅಳತೆ ಯಂತ್ರಕ್ಕೂ ನಿಲುಕಬೇಕು. ಆದ್ದರಿಂದಲೇ ವಾಕ್ಯವನ್ನು ತುಂಡು ಮಾಡಿ ತಪ್ಪನ್ನು ಕೇಳುತ್ತಾರೆ, ವಾಕ್ಯಗಳನ್ನು ಕಲಸಿ ಕ್ರಮವನ್ನು ಕೇಳುತ್ತಾರೆ. ಮಕ್ಕಳಾಟದಂತೆ ಕಂಡದ್ದರ ಮರ್ಮ ಇದು.

ಇನ್ನು ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡೋಣ. ಅವರ ತಪ್ಪುಗಳಿಗೆ ದಡ್ಡತನ ಕಾರಣವಲ್ಲ. ಬಹುಮಟ್ಟಿಗೆ ಅವು ಕನ್ನಡದ ನಿಯಮವನ್ನು ಇಂಗ್ಲಿಷಿನಲ್ಲಿ ನಿಷ್ಠೆಯಿಂದ ಪಾಲಿಸಿದುದರ ಫಲ. "ಎರಡು ವರ್ಷದಿಂದ ಇಲ್ಲಿದ್ದೇನೆ", "ಸೋಮವಾರದಿಂದ ಇಲ್ಲಿದ್ದೇನೆ" ಎನ್ನುತ್ತೇವೆ. ಎರಡಕ್ಕೂ ನಮಗೆ "ಇಂದ" ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಕಾಲದ ಉದ್ದಕ್ಕೆ "ಫಾರ್", ಕಾಲದ ಆರಂಭಕ್ಕೆ "ಸಿನ್ಸ್". ಹೀಗಾಗಿ "ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್" ಎಂಬ ತಪ್ಪು ಹುಟ್ಟುತ್ತದೆ. "ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೂ ಇಯರ್ಸ್" ಎಂಬುದು ಸರಿ. "ಹತ್ತು ತೆಂಗಿನಕಾಯಿ ಬಿತ್ತು" ಎಂದರೆ ಕನ್ನಡಕ್ಕೆ ಕುಂದಿಲ್ಲ. ಹತ್ತು ಎಂದ ಮೇಲೆ "ಗಳು" ಏಕೆ? ಇಂಗ್ಲಿಷು ಹಾಗೆ ಬಿಡುವುದಿಲ್ಲ. "ಟೆನ್ ಕೋಕೊನಟ್ಸ್" ಎನ್ನಲೇಬೇಕು. "ವಿಷಯದ ಬಗ್ಗೆ ಚರ್ಚಿಸಿದರು" ಎಂಬುದು ನಮ್ಮ ಮಾತು. ಅದರಂತೆ "ಡಿಸ್ಕಸ್ಡ್ ಅಬೌಟ್" ಎಂದರೆ ಇಂಗ್ಲಿಷಿನಲ್ಲಿ "ಅಬೌಟ್" ಹೆಚ್ಚಾಗುತ್ತದೆ.

ಕೆಲವೆಡೆ ಕನ್ನಡವೇ ನಮ್ಮ ಕೈ ಹಿಡಿಯುತ್ತದೆ. "ಒನ್ ಆಫ್ ಮೈ ಫ್ರೆಂಡ್ ಈಸ್ ಎ ಡಾಕ್ಟರ್" ಎಂಬ ವಾಕ್ಯ ಸರಿಯೆ? ಕನ್ನಡದಲ್ಲಿ ಹೇಳಿನೋಡಿ: "ನನ್ನ ಸ್ನೇಹಿತರಲ್ಲಿ ಒಬ್ಬನು ವೈದ್ಯ." ಸ್ನೇಹಿತನಲ್ಲಿ ಒಬ್ಬನು ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಅಲ್ಲಿ "ಫ್ರೆಂಡ್ಸ್" ಬರಬೇಕು. "ದಿ ಟೇಸ್ಟ್ ಆಫ್ ದೀಸ್ ಮ್ಯಾಂಗೋಸ್ ಆರ್ ಗುಡ್" ಎಂಬಲ್ಲಿ ಕರ್ತೃಪದ ಯಾವುದು? ಚೆನ್ನಾಗಿರುವುದು ಹಣ್ಣುಗಳ ರುಚಿ. ರುಚಿ ಒಂದು, ಆದ್ದರಿಂದ "ಈಸ್". ಕ್ರಿಯಾಪದದ ಪಕ್ಕದಲ್ಲಿ ನಿಂತವನೆಲ್ಲ ಅದರ ಒಡೆಯನಲ್ಲ, ಒಡೆಯನನ್ನು ಹುಡುಕಬೇಕು. ಮಸ್ಕಿಯಲ್ಲಿ ಷಷ್ಠೀ ವಿಭಕ್ತಿಯನ್ನು ಹಿಡಿದು ಮಾತಿನ ಒಡೆಯನನ್ನು ಹುಡುಕಿದರಲ್ಲ, ಹಾಗೆ.

ಪದಗಳ ಕ್ರಮದಲ್ಲಿಯೂ ಎರಡು ಭಾಷೆಗಳ ನಡೆ ಬೇರೆ. "ರಾಮನು ಭೀಮನನ್ನು ಕಂಡನು" ಎಂದರೂ ಒಂದೇ, "ಭೀಮನನ್ನು ರಾಮನು ಕಂಡನು" ಎಂದರೂ ಒಂದೇ. ವಿಭಕ್ತಿ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ "ರಾಮ ಸಾ ಭೀಮ" ಎಂಬುದನ್ನು ತಿರುಗಿಸಿದರೆ ಕಂಡವನೇ ಬೇರೆಯಾಗುತ್ತಾನೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ನಮ್ಮಂತೆ ವಿಭಕ್ತಿಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋದವು. ಅವುಗಳ ಭಾರವನ್ನು ಸ್ಥಾನವೇ ಹೊತ್ತುಕೊಂಡಿತು. ಅಲ್ಲಿ ಕ್ರಮಕ್ಕೆ ಅಷ್ಟು ಬೆಲೆ ಬಂದದ್ದು ಇದರಿಂದ.

ಕಲಸಿದ ವಾಕ್ಯಗಳನ್ನು ಜೋಡಿಸುವುದು ಹೇಗೆ? ಒಂದು ಸಣ್ಣ ಅಭ್ಯಾಸ ಮಾಡೋಣ. ಒಂದನೆಯದು: "ದಿಸ್ ನೇಮ್ ಎಂಡೆಡ್ ಎ ಲಾಂಗ್ ಡೌಟ್." ಎರಡನೆಯದು: "ದೇರ್ ಹಿ ಸಾ ಎ ರಾಕ್ ವಿತ್ ಓಲ್ಡ್ ಲೆಟರ್ಸ್." ಮೂರನೆಯದು: "ಎ ಮೈನಿಂಗ್ ಎಂಜಿನಿಯರ್ ಕೇಮ್ ಟು ಮಸ್ಕಿ ಇನ್ ೧೯೧೫." ನಾಲ್ಕನೆಯದು: "ಎ ಸ್ಕಾಲರ್ ರೆಡ್ ದಿ ಲೆಟರ್ಸ್ ಅಂಡ್ ಫೌಂಡ್ ಎ ಕಿಂಗ್ಸ್ ನೇಮ್."

ಮೊದಲ ವಾಕ್ಯ ಯಾರ ಹಂಗಿನಲ್ಲೂ ಇರಬಾರದು. "ಹಿ", "ದೇರ್", "ದಿಸ್" ಎಂಬ ಪದಗಳು ಹಿಂದಿನ ಯಾವುದೋ ಮಾತನ್ನು ನೆಚ್ಚಿಕೊಂಡಿವೆ. ಅವು ಮೊದಲು ಬರಲಾರವು. ಮೂರನೆಯದರಲ್ಲಿ ವ್ಯಕ್ತಿ, ಊರು, ವರ್ಷ ಎಲ್ಲ ಹೊಸದಾಗಿ ಬರುತ್ತವೆ, ಅದೇ ಆರಂಭ. "ದೇರ್" ಎಂದರೆ ಮಸ್ಕಿಯಲ್ಲಿ, "ಹಿ" ಎಂದರೆ ಎಂಜಿನಿಯರ್. ಆದ್ದರಿಂದ ಎರಡನೆಯದು ಅದರ ಹಿಂದೆ. ಅಲ್ಲಿ "ಓಲ್ಡ್ ಲೆಟರ್ಸ್" ಎಂದು ಹೊಸದಾಗಿ ಬಂದದ್ದು ನಾಲ್ಕನೆಯದರಲ್ಲಿ "ದಿ ಲೆಟರ್ಸ್" ಆಗಿದೆ, ಪರಿಚಯವಾದವರನ್ನು ಹೆಸರು ಹಿಡಿದು ಕರೆದ ಹಾಗೆ. ಕೊನೆಗೆ "ದಿಸ್ ನೇಮ್". ಮೂರು, ಎರಡು, ನಾಲ್ಕು, ಒಂದು. ಕನ್ನಡದಲ್ಲಿ "ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ..." ಎಂದು ಅಜ್ಜಿ ಕಥೆ ಹೇಳುವಾಗ ಈ ನಿಯಮವನ್ನೇ ಪಾಲಿಸುತ್ತಾಳೆ. ಮೊದಲು "ಒಬ್ಬ", ಆಮೇಲೆ "ಆ". ಅಜ್ಜಿಯ ಕಥೆ ಕೇಳಿ ಬೆಳೆದ ಮಗುವಿಗೆ ಇಂಗ್ಲಿಷಿನ "ಎ" ಮತ್ತು "ದಿ" ಪೂರಾ ಅಪರಿಚಿತವಲ್ಲ.

ಅಭ್ಯಾಸಕ್ಕೆ ಕುಳಿತ ಮಕ್ಕಳಿಗೆ ಮನೆಯವರು ಮಾಡಬಹುದಾದ ಸಹಾಯವೂ ಉಂಟು. ಉತ್ತರ ಸರಿಯೋ ತಪ್ಪೋ ಎಂದು ಕೇಳಿ ಬಿಟ್ಟುಬಿಡಬೇಡಿ. ಏಕೆ ಎಂದು ಕೇಳಿ. ತಪ್ಪಾದ ಪ್ರತಿಯೊಂದು ವಾಕ್ಯವನ್ನೂ ಒಂದು ಪುಸ್ತಕದಲ್ಲಿ ಬರೆದು, ಅದರ ಪಕ್ಕದಲ್ಲಿ ಕನ್ನಡದಲ್ಲಿ ಕಾರಣ ಬರೆಯಲಿ. ತಿಂಗಳಾದ ಮೇಲೆ ಆ ಪುಸ್ತಕವನ್ನು ತಿರುವಿದರೆ ನೂರು ತಪ್ಪುಗಳು ಹತ್ತು ಹನ್ನೆರಡು ಕಾರಣಗಳಿಗೆ ಇಳಿದಿರುವುದು ಕಾಣುತ್ತದೆ. ಅಷ್ಟನ್ನು ಗೆದ್ದರೆ ಸಾಕು. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬಂದಾಗ ಐದು ನಿಮಿಷ ಕಿವಿಗೊಟ್ಟರೆ, ನಿಯಮವಾಗಿ ಕಲಿತದ್ದು ಕಿವಿಗೂ ಹಿಡಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಈಗಿನ ಪದ್ಧತಿಯಲ್ಲಿ ನ್ಯಾಯ ತುಂಬಿದೆ ಎಂದು ನನ್ನ ವಾದವಲ್ಲ. ಕನ್ನಡದಲ್ಲಿ ಓದಿದ ಜಾಣನು ಇಂಗ್ಲಿಷಿನ ಬಾಗಿಲಲ್ಲಿ ನಿಂತುಹೋಗುವುದು ಅವನಿಗೂ ನಷ್ಟ, ನಾಡಿಗೂ ನಷ್ಟ. ಇದನ್ನು ಕುರಿತ ಚರ್ಚೆ ನಡೆದಿದೆ, ಫಲವೂ ಅಷ್ಟಿಷ್ಟು ಬಂದಿದೆ. ೨೦೧೪ರಲ್ಲಿ, ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಗ್ರಹಿಕೆಯ ಅಂಕಗಳನ್ನು ಶ್ರೇಣಿಗೆ ಗಣಿಸಬಾರದೆಂದು ತೀರ್ಮಾನವಾಯಿತು. ೨೦೨೩ರಲ್ಲಿ ಸಿಬ್ಬಂದಿ ನೇಮಕಾತಿ ಆಯೋಗವು ತನ್ನ ಬಹುಕಾರ್ಯ ಸಿಬ್ಬಂದಿಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸತೊಡಗಿತು. ಈ ಬಾಗ��ಲುಗಳು ಇನ್ನೂ ಅಗಲವಾಗಬೇಕು. ಅಲ್ಲಿಯವರೆಗೆ ನಮ್ಮ ಮಕ್ಕಳು ಬಾಗಿಲ ಹೊರಗೆ ಕಾದು ಕುಳಿತಿರಬೇಕಾಗಿಲ್ಲ. ಕನ್ನಡಕ್ಕೆ ಸ್ಥಾನ ಕೇಳುವುದೂ ಇಂಗ್ಲಿಷನ್ನು ಚೆನ್ನಾಗಿ ಕಲಿಯುವುದೂ ಒಂದಕ್ಕೊಂದು ವಿರೋಧವಲ್ಲ.

ಕೊನೆಯದಾಗಿ, ಮಸ್ಕಿಯ ಬಂಡೆಗೇ ಮರಳೋಣ. ರಾಜನ ಹೆಸರಿನಿಂದ ಅದು ಪ್ರಸಿದ್ಧವಾಯಿತು, ಸರಿ. ಆದರೆ ಆ ರಾಜನು ಅಲ್ಲಿ ಹೇಳಿದ್ದೇನು? ಧರ್ಮದ ಫಲವು ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬಾರದು. ಶ್ರದ್ಧೆಯಿಂದ ದುಡಿದರೆ ಚಿಕ್ಕವರಿಗೂ ಅದು ಸಾಧ್ಯ. ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಿ ಹೇಳಬೇಕು. ಇದು ಅದರ ತಾತ್ಪರ್ಯ. ಅವನು ಹೇಳಿದ್ದು ಧರ್ಮವನ್ನು ಕುರಿತು. ವಿದ್ಯೆಯ ವಿಷಯದಲ್ಲಿಯೂ ಅದು ಸುಳ್ಳಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಮಾತನ್ನು ಕೆತ್ತಿಸಿಕೊಂಡ ಊರಿನ ಮಕ್ಕಳು, ಇಂಗ್ಲಿಷಿನ ನಾಲ್ಕು ವಾಕ್ಯ ದೊಡ್ಡವರ ಮನೆಯ ಸೊತ್ತು ಎಂದು ಅಂಜಬೇಕೆ? ಇಂದು ರಾತ್ರಿ ಮೇಜಿನ ಮುಂದೆ ಕುಳಿತಿರುವ ಹುಡುಗಿಗೆ ಈ ಕಥೆಯನ್ನು ಹೇಳಿ. ಅನುಕೂಲವಾದಾಗ ಒಮ್ಮೆ ಅವಳನ್ನು ಆ ಬೆಟ್ಟಕ್ಕೂ ಕರೆದುಕೊಂಡು ಹೋಗಿ ಬನ್ನಿ.